ಎಂಟನೇ ತರಗತಿಯ ಮೊದಲ ಮೂರು ತಿಂಗಳು ನಮಗೆ ಬಿಡಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರಗಳು. ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಹದಿನೇಳು ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಿರುವವಳು ನಾನು. ಹೆಸರು ಬರೆದಿಲ್ಲ. ನಡತೆ ನಿಯಮಗಳ ಪುಸ್ತಕ ನಮ್ಮ ಶಾಲೆಯ ಬೀರುವಿನಲ್ಲಿದೆ, ಅದನ್ನು ಓದಿಯೂ ಇದ್ದೇನೆ. ಆದ್ದರಿಂದ ಇದನ್ನು ದೂರು ಎಂದು ತಿಳಿಯದೆ ಕೋರಿಕೆ ಎಂದು ತಿಳಿಯಬೇಕು. ವೇತನ, ಬಡ್ತಿ, ವರ್ಗಾವಣೆಯ ಮಾತು ಇದರಲ್ಲಿಲ್ಲ, ಅದಕ್ಕೆಲ್ಲ ಸಂಘಗಳಿವೆ.

ಮೊದಲು ಒಂದು ರಜಾ ಪತ್ರದ ಕಥೆ ಹೇಳುತ್ತೇನೆ.

ಶಿಡ್ಲಘಟ್ಟ ತಾಲ್ಲೂಕಿನ ಶಾಲೆಗೆ ನಾನು ಬಂದ ಎರಡನೇ ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ದಿನ ಬರಲಿಲ್ಲ. ಮೂರನೆಯ ದಿನ ಒಂದು ಪತ್ರ ತಂದುಕೊಟ್ಟಳು. ನಾನು ಕಲಿಸಿದ ಮಾದರಿಯಲ್ಲೇ ಇತ್ತು. ಮೇಲೆ ವಿಳಾಸ, ಅದರ ಕೆಳಗೆ ದಿನಾಂಕ, ಕೊನೆಯಲ್ಲಿ ಸಹಿ, ನಡುವೆ ಒಂದೇ ವಾಕ್ಯ: 'ಮೈ ವರ್ಮ್ಸ್ ಆರ್ ಫ್ರೂಟ್, ಸೋ ಐ ನಾಟ್ ಕಮ್.' ಶಿಕ್ಷಕರ ಕೊಠಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ನಾನು ಹುಟ್ಟಿದ್ದೂ ಹುಳು ಸಾಕುವ ಮನೆಯಲ್ಲಿ. ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ ರೇಷ್ಮೆ ಹುಳು ಹಗಲು ರಾತ್ರಿ ಎನ್ನದೆ ಸೊಪ್ಪು ಮೇಯುತ್ತದೆ. ಒಂದು ವಾರ ಮನೆಯವರಿಗೆ ನಿದ್ದೆ ಇರುವುದಿಲ್ಲ. ಆಮೇಲೆ ಅದು ಮೇವು ಬಿಟ್ಟು, ಮೈ ಹಳದಿಗೆ ತಿರುಗಿ, ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆ ಹೊತ್ತಿಗೇ ಆರಿಸಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು. ತಡವಾದರೆ ಗೂಡು ಕೆಟ್ಟಿತು, ಮಾರುಕಟ್ಟೆಯಲ್ಲಿ ಲಾಟಿನ ಬೆಲೆ ಬಿದ್ದಿತು. ಆ ಎರಡು ದಿನ ಮನೆಯಲ್ಲಿ ಎಷ್ಟು ಕೈಗಳಿದ್ದರೂ ಸಾಲುವುದಿಲ್ಲ. ಹದಿನಾಲ್ಕು ವರ್ಷದ ಹುಡುಗಿಯ ಕೈಯೂ ಬೇಕು. ಇದೆಲ್ಲ ಗೊತ್ತಿದ್ದವಳೇ ನಕ್ಕೆ.

ಸಂಜೆ ಬಸ್ಸಿನಲ್ಲಿ ಕುಳಿತಾಗ, ಅಪ್ಪನ ಹತ್ತಿರ ಹಿಂದೆ ಇದ್ದ ರೇಷ್ಮೆ ಕೃಷಿಯ ಒಂದು ಇಂಗ್ಲಿಷ್ ಕೈಪಿಡಿ ನೆನಪಾಯಿತು. ಹಣ್ಣಾದ ಹುಳುವಿಗೆ ಇಂಗ್ಲಿಷಿನವರೂ 'ರೈಪ್ ವರ್ಮ್' ಎನ್ನುತ್ತಾರೆ. ನಮ್ಮ ರೈತರು ಕಂಡದ್ದನ್ನೇ ಅವರೂ ಕಂಡಿದ್ದಾರೆ. ಹುಡುಗಿ ತಪ್ಪಿದ್ದು ಒಂದೇ ಒಂದು ಪದದಲ್ಲಿ. ಕನ್ನಡದಲ್ಲಿ ಹಣ್ಣು ಎಂಬ ಪದಕ್ಕೇ 'ಆದ' ಸೇರಿಸಿದರೆ ಮುಗಿಯಿತು. ಇಂಗ್ಲಿಷ್ ಅದಕ್ಕೆ ಬೇರೆಯದೇ ಪದ ಇಟ್ಟುಕೊಂಡಿದೆ. ಅದನ್ನು ಹೇಳಿಕೊಡಬೇಕಾಗಿದ್ದ ನಾನು ಅವಳ ಪತ್ರವನ್ನು ನಗೆಹನಿಯಾಗಿಸಿದ್ದೆ. ಅವಳು ಬರೆದ ವಾಕ್ಯ ಯಾವ ಗೈಡಿನಲ್ಲೂ ಇಲ್ಲ, ಕಂಠಪಾಠ ಮಾಡಿದ್ದಲ್ಲ. ತನ್ನ ಮನೆಯ ಸಂಗತಿಯನ್ನು ತನ್ನದೇ ಬುದ್ಧಿಯಿಂದ ಇನ್ನೊಂದು ಭಾಷೆಗೆ ದಾಟಿಸಲು ಮಾಡಿದ ಪ್ರಯತ್ನ ಅದು. ಮರುದಿನ ತರಗತಿಯಲ್ಲಿ ಎಲ್ಲರ ಎದುರು ಅವಳ ಕ್ಷಮೆ ಕೇಳಿದೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ, ನಾನು ನಕ್ಕದ್ದು ಅವಳಿಗೆ ಗೊತ್ತೇ ಇರಲಿಲ್ಲ. ಆ ದಿನದ ಪಾಠ ಪುಸ್ತಕದಿಂದ ಆಗಲಿಲ್ಲ. ಹುಳುವಿನ ಮನೆಯಿಂದ ಆಯಿತು.

ಇನ್ನು ನಾನು ಈ ಕೆಲಸಕ್ಕೆ ಬಂದ ಬಗೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಪದವಿಯಲ್ಲಿ ಐಚ್ಛಿಕ ಇಂಗ್ಲಿಷ್, ಆಮೇಲೆ ಬಿ.ಇಡಿ. ಈಗ ಎರಡು ವರ್ಷದ ಬಿ.ಇಡಿ. ಆಗ ಒಂದೇ ವರ್ಷದ್ದಾಗಿತ್ತು, 2015ರಿಂದ ಬದಲಾಯಿತು. ನಾನು ಓದಿದ ಕಾಲೇಜಿನಲ್ಲಿ ಪಾಠ ಯೋಜನೆಯ ದಪ್ಪ ಪುಸ್ತಕ ಬರೆಸಿದರು, ಬಣ್ಣದ ಚಾರ್ಟು ಮಾಡಿಸಿದರು, ಅಭ್ಯಾಸ ಪಾಠಕ್ಕೆ ಪಟ್ಟಣದ ಒಳ್ಳೆಯ ಶಾಲೆಗೆ ಕಳುಹಿಸಿದರು. ಅಲ್ಲಿನ ಮಕ್ಕಳಿಗೆ ಓದಲು ಬರುತ್ತಿತ್ತು. ಹದಿಮೂರು ವರ್ಷದ ಮಗುವಿಗೆ ಅಕ್ಷರ ಕೂಡಿಸಿ ಓದುವುದನ್ನು ಕಲಿಸುವುದು ಹೇಗೆ ಎಂದು ಆ ಇಡೀ ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ಅದು ಪ್ರೌಢಶಾಲಾ ಶಿಕ್ಷಕರ ಕೆಲಸ ಎಂದು ಯಾರಿಗೂ ಅನಿಸಿರಲಿಲ್ಲವೇನೋ.

ಮೊದಲ ನೇಮಕಾತಿ ಬಾಗೇಪಲ್ಲಿ ತಾಲ್ಲೂಕಿನ ಗಡಿಯ ಊರಿಗೆ. ಅಲ್ಲಿ ಮನೆಯ ಮಾತು ತೆಲುಗು. ಕನ್ನಡವೇ ಶಾಲೆಯಲ್ಲಿ ಕಲಿಯುವ ಭಾಷೆ, ಇಂಗ್ಲಿಷ್ ಅದರಾಚೆಯದು. ಇಂಗ್ಲಿಷ್ ತರಗತಿಯಲ್ಲಿ ಇಂಗ್ಲಿಷೇ ಆಡಬೇಕು ಎಂದು ಬಿ.ಇಡಿ.ಯಲ್ಲಿ ಕಲಿತದ್ದನ್ನು ನಂಬಿ ಮೊದಲ ದಿನ ನಲವತ್ತು ನಿಮಿಷ ಇಂಗ್ಲಿಷಿನಲ್ಲೇ ಮಾತನಾಡಿದೆ. ಮಕ್ಕಳು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಗಂಟೆ ಬಾರಿಸಿದಾಗ ಮುಂದಿನ ಸಾಲಿನ ಹುಡುಗ ಎದ್ದು ನಿಂತು, 'ಅರ್ಥಂ ಕಾಲೇದು ಮಿಸ್' ಎಂದ. ಒಂದೇ ಒಂದು ಪದವೂ ಅರ್ಥವಾಗಲಿಲ್ಲವೇ ಎಂದು ಕೇಳಿದೆ. 'ಗುಡ್ ಮಾರ್ನಿಂಗ್ ಅರ್ಥವಾಯಿತು' ಎಂದ. ಒಳ್ಳೆಯ ಹುಡುಗ, ಮೇಡಂಗೆ ಬೇಸರವಾಗಬಾರದೆಂದು ಅಷ್ಟಾದರೂ ಸೇರಿಸಿದ.

ಈ ಮಕ್ಕಳಿಗೆ ಎ ಇಂದ ಝಡ್ ವರೆಗೆ ಹೇಳಲು ಬರುತ್ತದೆ. ಬರೆಯಲೂ ಬರುತ್ತದೆ, ಅಕ್ಷರ ನನಗಿಂತ ದುಂಡಾಗಿದೆ. ಓದಲು ಮಾತ್ರ ಬರುವುದಿಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ದನಿ: 'ಕ' ಎಂದು ಕರೆಯುವ ಅಕ್ಷರ 'ಕ' ಎಂದೇ ನುಡಿಯುತ್ತದೆ. ಇಂಗ್ಲಿಷಿನ ಅಕ್ಷರ ಕರೆದರೆ ಒಂದು, ನುಡಿದರೆ ಇನ್ನೊಂದು. 'ಸಿ' ಎಂಬುದು ಬೆಕ್ಕಿನ ಪದದಲ್ಲಿ ಕ ಆಗುತ್ತದೆ, ನಗರದ ಪದದಲ್ಲಿ ಸ ಆಗುತ್ತದೆ, ಕುರ್ಚಿಯ ಪದಕ್ಕೆ ಹೋದರೆ ಪಕ್ಕದ ಅಕ್ಷರವನ್ನು ಜೊತೆಗೆ ಕರೆದುಕೊಂಡು ಚ ಆಗುತ್ತದೆ. ಕನ್ನಡದ ಕಾಗುಣಿತವನ್ನು ನಂಬಿ ಬೆಳೆದ ಮಗು ಸಿ, ಎ, ಟಿ ಮೂರನ್ನೂ ಕೂಡಿಸಿ ಪ್ರಾಮಾಣಿಕವಾಗಿ 'ಸಿಯೇಟಿ' ಎಂದು ಓದುತ್ತದೆ. ಅದು ದಡ್ಡತನವಲ್ಲ. ತನಗೆ ಗೊತ್ತಿರುವ ನಿಯಮವನ್ನು ಅದು ಸರಿಯಾಗಿಯೇ ಪಾಲಿಸುತ್ತಿದೆ, ಇಂಗ್ಲಿಷ್ ಪಾಲಿಸುತ್ತಿಲ್ಲ ಅಷ್ಟೇ.

ಓದಲು ಬಾರದ ಮಗು ಒಂದು ಉಪಾಯ ಕಂಡುಕೊಂಡಿರುತ್ತದೆ. ಪಠ್ಯಪುಸ್ತಕದ ಪ್ರತಿ ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಸಣ್ಣದಾಗಿ ಕನ್ನಡ ಅಕ್ಷರ ಬರೆದುಕೊಳ್ಳುತ್ತದೆ. ನೀವು ಯಾವ ಸರ್ಕಾರಿ ಶಾಲೆಗೆ ಹೋಗಿ ಇಂಗ್ಲಿಷ್ ಪುಸ್ತಕ ತೆರೆದರೂ ಈ ಇರುವೆ ಸಾಲು ಕಾಣುತ್ತದೆ. ಆರಂಭದ ವರ್ಷಗಳಲ್ಲಿ ಅದನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ರಬ್ಬರು ಕೊಟ್ಟು ಅಳಿಸಲು ಹೇಳುತ್ತಿದ್ದೆ. ಒಬ್ಬ ಹುಡುಗಿ ಉಜ್ಜಿ ಉಜ್ಜಿ ಹಾಳೆಯೇ ಹರಿದುಹೋಯಿತು. ಹರಿದ ಹಾಳೆ ಹಿಡಿದುಕೊಂಡು ಅವಳು ಅತ್ತಾಗ, ನಾನು ಅಳಿಸಲು ಹೇಳಿದ್ದು ಅವಳ ಒಂದು ರಾತ್ರಿಯ ದುಡಿಮೆಯನ್ನು ಎಂದು ತಿಳಿಯಿತು. ಅಕ್ಕನನ್ನು ಕಾಡಿ ಬೇಡಿ ಕೇಳಿ ಬರೆದುಕೊಂಡಿದ್ದಳಂತೆ. ಈಗ ನಾನು ಅಳಿಸುವುದಿಲ್ಲ. ಜೂನ್‌ನಲ್ಲಿ ಬರೆದುಕೊಳ್ಳಲಿ, ಜುಲೈಯಲ್ಲಿ ಕಷ್ಟದ ಪದಕ್ಕೆ ಮಾತ್ರ ಬರೆದುಕೊಳ್ಳಲಿ, ಆಗಸ್ಟ್ ಹೊತ್ತಿಗೆ ಪೆನ್ಸಿಲ್ ತಾನಾಗಿ ಕೆಳಗಿಳಿಯುತ್ತದೆ. ಆದರೆ ಅದಕ್ಕೆ ಜೂನ್, ಜುಲೈ, ಆಗಸ್ಟ್ ಬೇಕು.

ಇಲ್ಲಿಗೆ ನನ್ನ ಕೋರಿಕೆಗೆ ಬಂದೆ. ಅದಕ್ಕೂ ಮುನ್ನ ಒಂದು ಮಾತು: ಪ್ರಾಥಮಿಕ ಶಾಲೆಯವರು ಏನು ಮಾಡಿದರು ಎಂದು ಕೇಳುವುದು ಸುಲಭ. 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ, ಏಳು ವರ್ಷ ಕಲಿತು ಬಂದ ಮಗುವಿಗೆ ಓದಲು ಬಾರದೇ ಎಂದು ಸಭೆಗಳಲ್ಲಿ ನಾವೇ ಗೊಣಗುತ್ತೇವೆ. ಇಬ್ಬರೇ ಶಿಕ್ಷಕರು ಐದು ತರಗತಿ ನೋಡಿಕೊಳ್ಳುವ ಶಾಲೆಗೆ ಒಂದು ದಿನ ಹೋಗಿ ಕುಳಿತರೆ ಗೊಣಗಾಟ ನಿಲ್ಲುತ್ತದೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ವಿವರ ತುಂಬುವ ಸ್ಯಾಟ್ಸ್ ದಾಖಲೆ, ಚುನಾವಣೆ ಕೆಲಸ, ಇವುಗಳ ನಡುವೆ ಉಳಿದ ಹೊತ್ತಿನಲ್ಲಿ ಅವರು ಕಲಿಸಿದ ಎ ಇಂದ ಝಡ್ ವರೆಗಿನ ಅಕ್ಷರಕ್ಕೇ ನಾನು ಕೃತಜ್ಞಳು.

ಎಂಟನೇ ತರಗತಿಗೆ ಬಂದ ಮಗುವಿಗೆ ನಾವು ಈಗ ಕೊಡುವುದು ಹಿಂದಿನ ತರಗತಿಗಳ ಕಲಿಕೆಯನ್ನು ನೆನಪಿಸುವ ಸೇತುಬಂಧದ ಕೆಲವು ದಿನಗಳು. ನೈದಾನಿಕ ಪರೀಕ್ಷೆ ಮಾಡುತ್ತೇವೆ, ಪಟ್ಟಿ ತಯಾರಿಸುತ್ತೇವೆ, ಸಾಫಲ್ಯ ಪರೀಕ್ಷೆ ಮಾಡುತ್ತೇವೆ, ಇನ್ನೊಂದು ಪಟ್ಟಿ ತಯಾರಿಸುತ್ತೇವೆ. ಎರಡನೇ ಪಟ್ಟಿಯಲ್ಲಿ ಎಲ್ಲರೂ ಸ್ವಲ್ಪ ಮುಂದೆ ಬಂದಿರುತ್ತಾರೆ, ಬಂದಿರಲೇಬೇಕು. ಆಮೇಲೆ ಮೊದಲ ಪಾಠ ಶುರು. ಪಾಠ ಓಡುತ್ತದೆ, ಮಗು ನಿಂತಲ್ಲೇ ಉಳಿಯುತ್ತದೆ. ಒಂಬತ್ತು ಮುಗಿದು ಹತ್ತನೆಯದಕ್ಕೆ ಬರುವಾಗ, ನಾನು ಪಾಠ ಮಾಡಿದ ಪುಸ್ತಕದಲ್ಲಿ ಶೇಕ್ಸ್‌ಪಿಯರ್‌ನ ಪೋರ್ಷಿಯಾ ಕರುಣೆಯ ಕುರಿತು ಆಡುವ ಮಾತು ಪದ್ಯವಾಗಿ ಎದುರು ನಿಂತಿರುತ್ತದೆ. ಅಕ್ಷರ ಕೂಡಿಸಲು ಬಾರದ ಮಗು, ಎದುರಿಗೆ ಶೇಕ್ಸ್‌ಪಿಯರ್!

ಆಗ ನಾವು ಏನು ಮಾಡುತ್ತೇವೆ ಎಂದು ನಿಮಗೆ ಗೊತ್ತು, ಆದರೆ ಯಾರೂ ಹೀಗೆ ಬರೆದು ಹೇಳಿರಲಾರರು. ಪಾಸಿಂಗ್ ಪ್ಯಾಕೇಜ್ ಮಾಡುತ್ತೇವೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷ್ ನೂರು ಅಂಕಗಳದ್ದು: 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪಾಸಿನ ಗೆರೆ ದಾಟಿಸುವುದು ನಮ್ಮ ಗುರಿ, ಬಹುಕಾಲ ಅದು ಲಿಖಿತದಲ್ಲಿ 28 ಆಗಿತ್ತು. ಪತ್ರದ ವಿಳಾಸ, ದಿನಾಂಕ, ಕೊನೆಯ ಸಹಿಗೆ ಇಷ್ಟು. ಕಂಠಪಾಠದ ನಾಲ್ಕು ಸಾಲಿಗೆ ಇಷ್ಟು. ವ್ಯಕ್ತಿ ಪರಿಚಯಕ್ಕೆ ಕೊಟ್ಟ ಮಾಹಿತಿಯ ನಡುವೆ 'ಈಸ್' ಅಥವಾ 'ವಾಸ್' ಸೇರಿಸಿದರೆ ಇಷ್ಟು. ಚಿತ್ರ ನೋಡಿ ಬರೆಯುವುದಕ್ಕೆ ಯಾವ ಚಿತ್ರಕ್ಕೂ ಒಗ್ಗುವ ಐದು ವಾಕ್ಯ. ಇದನ್ನು ಸಿದ್ಧಪಡಿಸುವುದರಲ್ಲಿ ನಾನು ಒಂದು ಕಾಲಕ್ಕೆ ತಾಲ್ಲೂಕಿಗೇ ಹೆಸರಾಗಿದ್ದೆ. ಜನವರಿಯಿಂದ ನಿಧಾನ ಕಲಿಕೆಯ ಮಕ್ಕಳನ್ನು ದತ್ತು ತೆಗೆದುಕೊಂಡು, ಬೆಳಗಿನ ಐದು ಗಂಟೆಗೆ ಫೋನ್ ಮಾಡಿ ಎಬ್ಬಿಸಿ ಓದಿಸಿದ್ದೇನೆ. ಫಲಿತಾಂಶ ಬಂದ ದಿನ ಶಾಲು ಹೊದಿಸಿಕೊಂಡಿದ್ದೇನೆ.

ಹಾಗೆ ಪಾಸಾದ ಹುಡುಗನೊಬ್ಬ ಇಂಗ್ಲಿಷಿನಲ್ಲಿ 52 ಅಂಕ ತೆಗೆದಿದ್ದ. ಅಂಕಪಟ್ಟಿ ಒಯ್ಯಲು ಬಂದವನು ನನ್ನ ಮುಂದೆ ನಿಂತು, 'ಮಿಸ್, ಇದರಲ್ಲಿ ನನ್ನ ಅಮ್ಮನ ಹೆಸರು ಸರಿಯಾಗಿದೆಯೇ ನೋಡಿ ಹೇಳಿ' ಎಂದ. ಇಂಗ್ಲಿಷ್ ಅಕ್ಷರದಲ್ಲಿದ್ದ ತನ್ನ ಅಮ್ಮನ ಹೆಸರನ್ನು ಓದಲು ಅವನಿಗೆ ಬರುತ್ತಿರಲಿಲ್ಲ. ಆ 52 ಅವನದಾಗಿರಲಿಲ್ಲ, ನನ್ನದಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದು, ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿದಾಗ ಎಲ್ಲರೂ ನಕಲಿನ ಮಾತನಾಡಿದರು. ನಕಲಿನದು ಬೇರೆ ಕಥೆ. ಕ್ಯಾಮೆರಾ ಎದುರೇ ನಿರಾತಂಕವಾಗಿ ನಡೆಯುವ ಇನ್ನೊಂದು ನಕಲು ಇದೆ. ಅದು ತಲೆಯೊಳಗೆ ತುಂಬಿ ಕಳುಹಿಸಿದ್ದು.

ಆದ್ದರಿಂದ ಕೇಳುತ್ತಿದ್ದೇನೆ: ಎಂಟನೇ ತರಗತಿಯ ಜೂನ್, ಜುಲೈ, ಆಗಸ್ಟ್ ತಿಂಗಳ ಇಂಗ್ಲಿಷ್ ಅವಧಿಗಳನ್ನು ಪಠ್ಯದ ಹಂಗಿಲ್ಲದೆ ನಮಗೆ ಬಿಡಿ. ಆ ಮೂರು ತಿಂಗಳಲ್ಲಿ ಎಷ್ಟು ಪಾಠ ಮುಗಿಯಿತು ಎಂದು ಯಾರೂ ಕೇಳಬಾರದು. ಎಷ್ಟು ಮಕ್ಕಳು ಹೊಸ ಹಾಳೆಯೊಂದನ್ನು ಓದಬಲ್ಲರು ಎಂದು ಮಾತ್ರ ಕೇಳಬೇಕು. ಕೈಬಿಟ್ಟುಹೋಗುವ ಎರಡು ಮೂರು ಪಾಠಗಳಿಗಾಗಿ ಯಾವ ಮಗುವೂ ಮುಂದೆ ಪರಿತಪಿಸುವುದಿಲ್ಲ.

ಇದು ಆಗದ ಕೆಲಸವೇನಲ್ಲ. ಕೋವಿಡ್ ನಂತರ 2022-23ರಲ್ಲಿ ನಮ್ಮ ಇಲಾಖೆಯೇ 'ಕಲಿಕಾ ಚೇತರಿಕೆ' ಎಂದು ಕರೆದು ಒಂದರಿಂದ ಒಂಬತ್ತನೇ ತರಗತಿಯವರೆಗೆ ಕಳೆದುಹೋದ ಕಲಿಕೆಯನ್ನು ಮೊದಲು ತುಂಬಿಕೊಡಲು ಹೊರಟಿತು. ಪಠ್ಯಕ್ಕಿಂತ ಕಲಿಕಾ ಹಾಳೆ ಮುಂದೆ ಬಂದಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಕೊರೊನಾ ಬಂದು ಎರಡು ವರ್ಷ ಕಿತ್ತುಕೊಂಡಾಗ ನಾವು ನಿಂತು ಹಿಂತಿರುಗಿ ನೋಡಿದೆವು. ಬಡತನ ಪ್ರತಿ ವರ್ಷ ಅಷ್ಟನ್ನೇ ಕಿತ್ತುಕೊಂಡರೆ ನೋಡುವುದಿಲ್ಲ. ಆ ವರ್ಷದ ರುಚಿ ಹತ್ತಿದ ನಾನು ಮುಂದಿನ ಜೂನ್‌ನಲ್ಲೂ ಪುಸ್ತಕ ತೆರೆಯದೆ ಓದಿಸತೊಡಗಿದೆ. ಭೇಟಿಗೆ ಬಂದ ಅಧಿಕಾರಿಯೊಬ್ಬರು 'ಪಠ್ಯ ಹಿಂದುಳಿದಿದೆ' ಎಂದು ಷರಾ ಬರೆದರು. ಅವರನ್ನು ದೂರುವುದಿಲ್ಲ, ಅವರ ನಮೂನೆಯಲ್ಲಿ ಇದ್ದ ಅಂಕಣ ಅದೊಂದೇ.

ಒಂದೇ ಒಂದು ಭಿಕ್ಷೆ: ಈ ಕೋರಿಕೆಯನ್ನು ನೀವು ಒಪ್ಪಿದರೆ, ಅದಕ್ಕೊಂದು ಸಂಸ್ಕೃತದ ಹೆಸರು, ಒಂದು ಆ್ಯಪ್, ದಿನಕ್ಕೆರಡು ಫೋಟೊ ಹಾಕುವ ಸುತ್ತೋಲೆ ಇವು ಬೇಡ. ಬರೀ ಸಮಯ ಕೊಡಿ. ಜೊತೆಗೆ, ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಒಂದಿಷ್ಟನ್ನು ಮಗು ಕಂಡಿರದ ಹಾಳೆಯನ್ನು ಗಟ್ಟಿಯಾಗಿ ಓದುವುದಕ್ಕೆ ಮೀಸಲಿಟ್ಟು, ಪಕ್ಕದ ಶಾಲೆಯ ಶಿಕ್ಷಕರನ್ನು ಕೇಳಿಸಿಕೊಳ್ಳಲು ಕೂರಿಸಿದರೆ ನಮ್ಮಲ್ಲಿ ಅನೇಕರ ಬಣ್ಣ ಬಯಲಾಗುತ್ತದೆ. ಆಗಲಿ. ಇನ್ನು ಮಾಧ್ಯಮದ ಜಗಳಕ್ಕೆ ನಾನು ಬರುವುದಿಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ತಾಯಂದಿರು ಸಾಲುಗಟ್ಟಿ ನಿಂತದ್ದನ್ನು ಕಂಡಿದ್ದೇನೆ, ಅವರ ಆಸೆಯನ್ನು ಹಗುರವಾಗಿ ಕಾಣಲಾರೆ. ಆದರೆ ಫಲಕ ಬದಲಿಸಲು ಒಂದು ಡಬ್ಬ ಬಣ್ಣ ಸಾಕು, ಓದಿಸಲು ಸಾಲದು.

ಪದವಿಗೆ ಸೇರುವ ಹಳೆಯ ವಿದ್ಯಾರ್ಥಿಗಳು ಬಂದು, 'ಇಂಗ್ಲಿಷ್ ತೆಗೆದುಕೊಂಡು ಮೇಷ್ಟರಾಗಬಹುದೇ ಮಿಸ್?' ಎಂದು ಕೇಳುತ್ತಾರೆ. ಅತಿಥಿ ಶಿಕ್ಷಕರ ಗೌರವಧನ ಇಷ್ಟು ಕಡಿಮೆ ಇರುವ ಕಾಲದಲ್ಲಿ, ಅದರಲ್ಲೇ ವರ್ಷಗಟ್ಟಲೆ ಕಾಯಬೇಕಾಗಬಹುದು ಎಂಬುದನ್ನು ಮುಚ್ಚಿಟ್ಟು ಹುರಿದುಂಬಿಸುವುದು ಪಾಪ. ಅಷ್ಟನ್ನೂ ಹೇಳಿದ ಮೇಲೆ, ಆಗಬಹುದು ಎನ್ನುತ್ತೇನೆ. ಯಾಕೆ ಎಂದು ನಿಮಗೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರ ಬರೀ ಗೋಳಾಗುತ್ತದೆ.

ಒಂದು ಜೂನ್‌ನಲ್ಲಿ ಎಂಟನೇ ತರಗತಿಯವರಿಗೆ, ನಿಮ್ಮ ಮನೆಯವರು ದಿನವೂ ಆಡುವ ಇಂಗ್ಲಿಷ್ ಪದಗಳನ್ನು ಹೇಳಿ ಎಂದೆ. ನಮ್ಮ ಮನೆಯಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ ಎಂದರು. ಮೋಟಾರು ಯಾವ ಭಾಷೆ ಎಂದು ಕೇಳಿದೆ. ಒಂದು ಗಳಿಗೆ ಮೌನ. ಆಮೇಲೆ ಕಟ್ಟೆ ಒಡೆಯಿತು. ಸ್ಟಾರ್ಟರ್, ಫ್ಯೂಸು, ಬೋರ್‌ವೆಲ್, ಕೇಸಿಂಗ್, ಡ್ರಿಪ್ಪು, ಲೋನು, ರೇಟು, ಲಾಟು, ಮಾರ್ಕೆಟ್ಟು. 'ತ್ರೀ ಫೇಸು' ಎಂದು ಹೇಳಿದವನು ರಾತ್ರಿ ಎರಡು ಗಂಟೆಗೆ ಎದ್ದು ಮೋಟಾರು ಹಾಕಿ ಬಂದ ಹುಡುಗ. ಕಪ್ಪು ಹಲಗೆ ಸಾಲದೆ ಗೋಡೆಗೆ ಹಾಳೆ ಅಂಟಿಸಿದೆವು. ಎಲ್ಲ ಪದದ ಕೊನೆಯ 'ಉ' ಕಾರವನ್ನು ಕಿತ್ತರೆ ಇಂಗ್ಲಿಷ್ ಸಿದ್ಧ ಎಂದು ಒಬ್ಬಳು ಕಂಡುಹಿಡಿದಳು. ಯಾವ ಬಿ.ಇಡಿ. ಪುಸ್ತಕವೂ ನನಗೆ ಹೇಳಿಕೊಟ್ಟಿರದ ಸೂತ್ರ ಅದು. ಅರ್ಥ ಮೊದಲೇ ಗೊತ್ತಿರುವ ಪದದ ಅಕ್ಷರಗಳನ್ನು ಕಲಿಯುವುದು ಎಷ್ಟು ಬೇಗ ಆಗುತ್ತದೆ ಎಂದರೆ, ನೋಡುವವರಿಗೆ ಕಣ್ಕಟ್ಟಿನಂತೆ ಕಾಣುತ್ತದೆ.

ಆ ಗುಂಪು ಹತ್ತನೇ ತರಗತಿಗೆ ಬಂದಾಗ ಪೋರ್ಷಿಯಾಳ ಪದ್ಯ ಮಾಡಿದೆ. ಕರುಣೆ ಎಂಬುದು ಆಕಾಶದಿಂದ ಭೂಮಿಗೆ ಇಳಿಯುವ ಮೆಲುಮಳೆಯಂತೆ ಎಂಬ ಸಾಲು ಬರುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನ ಮಕ್ಕಳಿಗೆ ಮಳೆಯ ಉಪಮೆಯನ್ನು ಬಿಡಿಸಿ ಹೇಳಬೇಕಾಗಲಿಲ್ಲ. 'ಮಿಸ್, ಅದು ಸೋನೆ ಮಳೆ. ಬಿರುಸಾಗಿ ಬಂದರೆ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಸೋನೆಯಾದರೆ ಇಂಗುತ್ತದೆ' ಎಂದ ಹಿಂದಿನ ಬೆಂಚಿನವನು. ಆ ಸಾಲನ್ನು ನಾನು ಹತ್ತಾರು ಸಲ ಪಾಠ ಮಾಡಿದ್ದೆ. ಇಂಗುವ ಮಾತು ನನಗೆ ಹೊಳೆದಿರಲಿಲ್ಲ.

ಮತ್ತೆ ಆ ರಜಾ ಪತ್ರದ ಹುಡುಗಿ. ಪಿಯುಸಿ ಮುಗಿಸಿ ಕೋಲಾರ ಜಿಲ್ಲೆಯ ನರಸಾಪುರದ ಕಡೆ ಒಂದು ಕಾರ್ಖಾನೆಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಸೇರುವ ದಿನ ಆರು ಪುಟದ ಇಂಗ್ಲಿಷ್ ಕರಾರು ಪತ್ರ ಕೊಟ್ಟರಂತೆ. ಜೊತೆಯವರೆಲ್ಲ ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕಿ ಮುಂದೆ ಹೋದರು. ಇವಳು ಕುರ್ಚಿ ಎಳೆದುಕೊಂಡು ಕುಳಿತು ಓದಿದಳು. ನಿಧಾನವಾಗಿ, ಬೆರಳಿಟ್ಟು, ಎಲ್ಲ ಆರು ಪುಟ. ನಾಲ್ಕನೇ ಪುಟದಲ್ಲಿ ರಾತ್ರಿ ಪಾಳಿಯ ವಿಷಯ ಇತ್ತು, ಅದರ ಬಗ್ಗೆ ಎರಡು ಪ್ರಶ್ನೆ ಕೇಳಿ, ಉತ್ತರ ಪಡೆದು, ಸಹಿ ಹಾಕಿದಳು. ಸಂಜೆ ನನಗೆ ಫೋನ್ ಮಾಡಿದಳು. 'ನನ್ನಿಂದ ಸಾಲು ನಿಂತುಬಿಟ್ಟಿತು ಮಿಸ್, ಎಲ್ಲರೂ ಬೈದುಕೊಂಡರು' ಎಂದು ನಗುತ್ತಿದ್ದಳು. ನನಗೆ ಹೊದಿಸಿದ ಶಾಲುಗಳೆಲ್ಲ ಟ್ರಂಕಿನಲ್ಲಿವೆ. ಆ ಫೋನ್ ಕರೆ ಬಂದಾಗ ನಾನು ಎಲ್ಲಿ ನಿಂತಿದ್ದೆ, ಒಲೆಯ ಮೇಲೆ ಏನಿತ್ತು, ಎಲ್ಲವೂ ನೆನಪಿದೆ.

ಸಾಧ್ಯವಾದರೆ ಜೂನ್ ಎರಡನೇ ವಾರದಲ್ಲಿ ನಮ್ಮ ಕಡೆಯ ಯಾವುದಾದರೂ ಪ್ರೌಢಶಾಲೆಗೆ ಬನ್ನಿ. ಮೊದಲೇ ತಿಳಿಸಬೇಡಿ, ತಿಳಿಸಿದರೆ ನಾವು ಸುಣ್ಣ ಬಳಿದು, ಸ್ವಾಗತ ಗೀತೆ ಕಲಿಸಿ, ನಾಲ್ಕು ಜಾಣ ಮಕ್ಕಳನ್ನು ಮುಂದೆ ಕೂರಿಸಿಬಿಡುತ್ತೇವೆ. ಎಂಟನೇ ತರಗತಿಗೆ ನೇರವಾಗಿ ಹೋಗಿ, ಹಾಜರಿ ಪುಸ್ತಕದಲ್ಲಿ ಕಣ್ಣು ಮುಚ್ಚಿ ಬೆರಳಿಟ್ಟ ಮಗುವಿಗೆ ಒಂದು ಪುಟ ಓದಲು ಹೇಳಿ. ಹೆಸರು ಬರೆದುಕೊಳ್ಳಿ. ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಬಂದು ಅದೇ ಮಗುವನ್ನು ಕೇಳಿ. ಆ ದಿನ ಹಾಜರಿಲ್ಲದಿದ್ದರೆ ಎರಡು ದಿನ ಬಿಟ್ಟು ಬನ್ನಿ, ಹುಳು ಹಣ್ಣಾಗಿರಬಹುದು.

ಇಂತಿ ತಮ್ಮ ವಿಶ್ವಾಸಿ,
ಇಂಗ್ಲಿಷ್ ಸಹ ಶಿಕ್ಷಕಿ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ